ನೆತ್ತಿಯ ಮೇಲೆ ಸೂರ್ಯ, ಹೆಗಲ ಮೇಲೆ ಚೀಲ

ಏಪ್ರಿಲ್ ಕೊನೆಯ ವಾರ, ಮಧ್ಯಾಹ್ನ ಹನ್ನೆರಡೂವರೆ. ಶಿರಸಿಯಿಂದ ಸಿದ್ದಾಪುರದ ಕಡೆ ಹೊರಟ ಬಸ್ಸು ನಿಮ್ಮನ್ನೂ ಮಕ್ಕಳಿಬ್ಬರನ್ನೂ ಕೆಂಪು ಧೂಳಿನ ತಿರುವೊಂದರಲ್ಲಿ ಇಳಿಸಿ ಹೋಗಿದೆ. ಧೂಳು ಕೂರುವ ತನಕ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದೀರಿ. ಈಗ ನೆಲ ನೋಡಿ. ನಿಮ್ಮ ನೆರಳು ಎಲ್ಲಿದೆ? ಕಾಲಿನ ಸುತ್ತ ಒಂದಿಷ್ಟು ಕಪ್ಪು, ಅಷ್ಟೇ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಇರುವುದು 14ರಿಂದ 15 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ. ಇಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೇರ ನೆತ್ತಿಗೆ ಬರುತ್ತಾನೆ, ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವಿನಲ್ಲೊಮ್ಮೆ. ಆಗಸ್ಟಿನಲ್ಲಿ ಮಳೆಮೋಡ ಅಡ್ಡ ಇರುತ್ತದೆ. ಈ ಹೊತ್ತಿನಲ್ಲಿ ಅಡ್ಡ ಏನೂ ಇಲ್ಲ.

ಮನೆ ಇಲ್ಲಿಂದ ಇನ್ನೂ ಒಂದೂವರೆ ಕಿಲೋಮೀಟರ್ ಒಳಗೆ. ಗಾಲಿಯ ಸೂಟ್‌ಕೇಸನ್ನು ಎಳೆಯಲು ನೋಡುತ್ತೀರಿ. ಹತ್ತು ಹೆಜ್ಜೆಗೆ ಗಾಲಿ ಜಲ್ಲಿಯಲ್ಲಿ ಸಿಕ್ಕಿಕೊಂಡಿತು. ಬಿಡಿಸಿಕೊಂಡು ಮತ್ತೆ ಎಳೆದರೆ ಮೊಣಕಾಲೆತ್ತರಕ್ಕೆ ಧೂಳು. ಕೊನೆಗೆ ಅದನ್ನು ತಲೆಯ ಮೇಲೋ ಹೆಗಲ ಮೇಲೋ ಹೊರುವುದೇ ಗತಿ. ಹಿಡಿಕೆಯ ಕಬ್ಬಿಣ ಆಗಲೇ ಸುಡುತ್ತಿದೆ. ವಿಮಾನ ನಿಲ್ದಾಣದ ನೆಲಕ್ಕೆಂದು ಮಾಡಿದ ಪೆಟ್ಟಿಗೆ ಅದು. ಊರಿನ ಮಣ್ಣು ರಸ್ತೆಗೆ ಎರಡು ಹೆಗಲಿಗೆ ಹಾಕಿಕೊಳ್ಳುವ ಬಟ್ಟೆಯ ಚೀಲವೇ ಸರಿ.

ಜೀನ್ಸ್ ತೊಡೆಗೆ ಅಂಟಿಕೊಂಡಿದೆ. ಬೆನ್ನ ಮೇಲೆ ಬೆವರು ಇಳಿಯುತ್ತಿದೆಯೇ ಹೊರತು ಆರುತ್ತಿಲ್ಲ. ಬಳ್ಳಾರಿಯದೋ ಕಲಬುರಗಿಯದೋ ಬಿಸಿಲಾದರೆ ಹೀಗಲ್ಲ. ಅಲ್ಲಿ ಉಷ್ಣತೆ ಇನ್ನೂ ಹೆಚ್ಚು, ಆದರೆ ಗಾಳಿ ಒಣ. ಬೆವರು ಬಂದದ್ದು ಬಂದಲ್ಲೇ ಹಾರಿ ಮೈಯನ್ನು ಅಷ್ಟಿಷ್ಟು ತಣಿಸುತ್ತದೆ. ಇಲ್ಲಿ ಪಶ್ಚಿಮಕ್ಕೆ ಘಟ್ಟ ಇಳಿದರೆ ಕಡಲು. ಅದರ ತೇವವೆಲ್ಲ ಕಾಡಿನ ಮೇಲೆ ಬಂದು ಕೂತಿರುತ್ತದೆ. ಬೆವರಿಗೆ ಹೋಗಲು ಜಾಗವಿಲ್ಲ. ಉಷ್ಣಮಾಪಕ 35 ಡಿಗ್ರಿ ತೋರಿಸಿದರೂ ಮೈಗೆ ಅದಕ್ಕಿಂತ ಎಷ್ಟೋ ಹೆಚ್ಚು ಅನ್ನಿಸುವುದು ಇದರಿಂದಲೇ.

'ಮಲೆನಾಡು ಅಂದರೆ ತಂಪು' ಎಂಬ ನಂಬಿಕೆ ಎಲ್ಲಿಂದ ಬಂತೋ, ಊರಿಗೆ ಬರುವವರ ಚೀಲವನ್ನು ತುಂಬಿಸುವುದು ಅದೇ. ಬೆಳಿಗ್ಗೆ ಐದೂವರೆಗೆ ಬೆಂಗಳೂರಿನ ಬಸ್ಸಿನಿಂದ ಶಿರಸಿಯ ಹಳೇ ನಿಲ್ದಾಣದಲ್ಲಿ ಇಳಿದಾಗ ನೀವೂ ಹಾಗೇ ಅಂದುಕೊಂಡಿರಿ. ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಬೆಳಗಿನ ತಣ್ಣನೆ ಗಾಳಿ, ಕೈಯಲ್ಲಿ ಬಿಸಿ ಚಹಾ. ಸ್ವೆಟರ್ ತಂದದ್ದು ಒಳ್ಳೆಯದಾಯಿತು ಅನ್ನಿಸಿತು. ಒಂಬತ್ತು ಗಂಟೆಗೆ ಆ ಸ್ವೆಟರ್ ಸೊಂಟಕ್ಕೆ ಬಂತು. ಈಗ ಅದು ಎಲ್ಲಿದೆಯೆಂಬುದೇ ನೆನಪಿಲ್ಲ. ಚಳಿಗಾಲದ ಎರಡು ತಿಂಗಳು, ಜಡಿಮಳೆಯ ಎರಡು ತಿಂಗಳು ಬಿಟ್ಟರೆ ಇದು ಅಪ್ಪಟ ಉಷ್ಣವಲಯದ ನಾಡು. ಹಾಗೆಂದು ತಿಳಿದುಕೊಂಡೇ ಇಲ್ಲಿಗೆ ಚೀಲ ಕಟ್ಟಬೇಕು.

ರಸ್ತೆಯ ಎರಡೂ ಕಡೆ ಸೊಪ್ಪಿನ ಬೆಟ್ಟ. ಬ್ರಿಟಿಷರ ಕಾಲದಿಂದ ಇಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟವನ್ನು ಸೊಪ್ಪಿಗೆ, ದರಕಿಗೆ, ಅಂದರೆ ಉದುರಿದ ಒಣ ಎಲೆಗೆ, ಬಿಟ್ಟುಕೊಟ್ಟಿದ್ದಾರೆ. ಸೊಪ್ಪು ಕಡಿದು ಕಡಿದು ಬೋಳಾದ ಮರಗಳು ಈ ಹೊತ್ತಿನಲ್ಲಿ ನೆರಳನ್ನೇನೂ ಕೊಡುವುದಿಲ್ಲ. ಜೀರುಂಡೆಗಳ ಸದ್ದು ಕಿವಿಯೊಳಗೇ ಹುಟ್ಟಿದ ಹಾಗೆ ಕೇಳಿಸುತ್ತಿದೆ. ಮಗ ನೀರು ಕೇಳುತ್ತಾನೆ. ಪ್ಲಾಸ್ಟಿಕ್ ಬಾಟಲಿಯ ನೀರು ಸ್ನಾನದ ನೀರಿನಷ್ಟು ಬೆಚ್ಚಗಾಗಿದೆ. ಒಂದು ಗುಟುಕು ಕುಡಿದು ಮುಖ ಕಿವುಚುತ್ತಾನೆ. ತಂಪು ಹಿಡಿದಿಡುವ ಸ್ಟೀಲ್ ಬಾಟಲಿ ಒಂದಾದರೂ ಇರಬೇಕಿತ್ತು, ಅದೂ ಒಬ್ಬೊಬ್ಬರಿಗೆ ಒಂದೊಂದು.

ತಿರುವು ಇಳಿಯುತ್ತಿದ್ದಂತೆ ಕೆನ್ನೆಗೆ ಬೇರೆಯೇ ಗಾಳಿ ತಾಗುತ್ತದೆ. ಕಣಿವೆಯ ತಳದಲ್ಲಿ ತೋಟ. ಮೇಲೆ ಅಡಿಕೆ ಮರದ ತಲೆಗಳು ಒಂದಕ್ಕೊಂದು ತಾಗಿವೆ, ನಡುವೆ ಬಾಳೆ, ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ಕೆಳಗೆ ಏಲಕ್ಕಿ, ಕಾದಿಗೆಯಲ್ಲಿ ತೆಳ್ಳಗೆ ಹರಿಯುವ ನೀರು. ಬೆಟ್ಟದಿಂದ ತೋಟಕ್ಕೆ ಇಳಿದ ಇಪ್ಪತ್ತು ಹೆಜ್ಜೆಯಲ್ಲಿ ಉಸಿರು ಹಗುರಾಯಿತು. ಮೈ ತಣಿಯುವುದು ಹೇಗೆಂದು ಈ ತೋಟ ಕಟ್ಟಿದವರಿಗೆ ತಿಳಿದಿತ್ತು. ಅವರ ಉಡುಪೂ ಅದನ್ನೇ ಹೇಳುತ್ತದೆ. ಕಾದಿಗೆ ಸರಿಮಾಡುತ್ತಿರುವ ಕೆಲಸದಾಳಿನ ತಲೆಯ ಮೇಲೆ ಅಡಿಕೆ ಹಾಳೆಯ ಟೊಪ್ಪಿ. ಮೈಮೇಲೆ ತೆಳು ಅಂಗಿ, ಕುತ್ತಿಗೆಗೆ ಒದ್ದೆ ಮಾಡಿಕೊಂಡ ಬೈರಾಸು. ಆ ಬೈರಾಸನ್ನು ಗಮನಿಸಿ. ಮುಖ ಒರೆಸಲು ಅದೇ, ತಲೆಗೆ ಸುತ್ತಲು ಅದೇ, ಹೊಳೆಯಲ್ಲಿ ಮಿಂದರೆ ಮೈ ಒರೆಸಲು ಅದೇ, ಕಾಯಿಪಲ್ಲೆ ಕಟ್ಟಿಕೊಂಡು ಬರಲೂ ಅದೇ. ಹಿಂಡಿ ಬೇಲಿಯ ಮೇಲೆ ಹಾಕಿದರೆ ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಒಣಗಿರುತ್ತದೆ. ನಿಮ್ಮ ಪೆಟ್ಟಿಗೆಯಲ್ಲಿರುವ ದಪ್ಪನೆಯ ಟರ್ಕಿ ಟವೆಲ್ ಒಮ್ಮೆ ಒದ್ದೆಯಾದರೆ ಮರುದಿನದ ಹೊತ್ತಿಗೆ ಮುಗ್ಗಲು ವಾಸನೆ ಹಿಡಿಯುತ್ತದೆ.

"ಬಂದ್ರಾ? ಆಸ್ರಿಗೆ ಎಂತ ಬೇಕು?" ಅತ್ತೆ ಜಗಲಿಯಿಂದಲೇ ಕೇಳುತ್ತಾರೆ.

ಉತ್ತರಕ್ಕೆ ಅವರು ಕಾಯುವುದಿಲ್ಲ. ಹಿತ್ತಾಳೆ ತಂಬಿಗೆಯಲ್ಲಿ ಬಾವಿಯ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು ಮೊದಲು ಬಂತು. ಹಿಂದೆಯೇ ಮುರುಗಲು ಹಣ್ಣಿನ ಪಾನಕ, ಗಾಢ ಕೆಂಪು, ಒಂದು ಚಿಟಿಕೆ ಉಪ್ಪು, ಜೀರಿಗೆಯ ಘಮ. ಬೆವರಿನೊಂದಿಗೆ ಮೈಯಿಂದ ಹೋದದ್ದು ನೀರು ಮಾತ್ರವಲ್ಲ, ಉಪ್ಪೂ ಹೋಗಿದೆ. ಬರಿಯ ನೀರನ್ನೇ ಕುಡಿಯುತ್ತ ಹೋದರೆ ತಲೆನೋವು, ಕಾಲು ಸೆಳೆತ ಬಿಡುವುದಿಲ್ಲ. ಬೆಲ್ಲ, ಉಪ್ಪು, ಹುಳಿ ಈ ಮೂರನ್ನೂ ಒಟ್ಟಿಗೆ ಕೊಡುವ ಪಾನಕ ಈ ಮನೆಗಳಲ್ಲಿ ಓಆರ್‌ಎಸ್ ಪೊಟ್ಟಣ ಬರುವ ಎಷ್ಟೋ ಮೊದಲಿನಿಂದ ಇದೆ. ಊಟಕ್ಕೆ ಕೂತರೆ ಅಪ್ಪೆಮಿಡಿಯ ಅಪ್ಪೆಹುಳಿ, ಒಂದೆಲಗದ ತಂಬುಳಿ, ಕೊನೆಗೆ ಮಜ್ಜಿಗೆ. ಅದೂ ಅದೇ ಲೆಕ್ಕ. ಮನೆಯಲ್ಲಿ ಇರುವಷ್ಟು ದಿನ ನಿಮಗೆ ಪೊಟ್ಟಣ ಬೇಕಾಗುವುದಿಲ್ಲ. ಹೊರಗೆ ತಿರುಗುವ ದಿನಕ್ಕೆ ಮಾತ್ರ ನಾಲ್ಕು ಚೀಲದಲ್ಲಿರಲಿ.

ಊಟವಾದ ಮೇಲೆ ಪೆಟ್ಟಿಗೆ ಜಗಲಿಯ ಮೇಲೆ ಬಿಚ್ಚಿಕೊಳ್ಳುತ್ತದೆ. ಅತ್ತೆ ಕಂಬಕ್ಕೆ ಒರಗಿ ಕೂತು ಒಂದೊಂದನ್ನೇ ನೋಡುತ್ತಿದ್ದಾರೆ. ಮೂರು ಜೀನ್ಸ್, ಒಗೆದರೆ ಒಣಗಲು ಎರಡು ದಿನ. ಮಕ್ಕಳ ನೈಲಾನ್ ಬಟ್ಟೆ, ನೋಡಲು ಚೆಂದ, ಆದರೆ ಮಗಳ ಕುತ್ತಿಗೆಯ ಮೇಲೆ ಆಗಲೇ ಬೆವರುಸಾಲೆ ಎದ್ದಿದೆ. ಪೌಡರ್ ಡಬ್ಬಿಗೆ ಕೈ ಹಾಕಬೇಡಿ, ಅದು ಬೆವರಿನ ರಂಧ್ರವನ್ನು ಇನ್ನಷ್ಟು ಮುಚ್ಚುತ್ತದೆ. ತಣ್ಣೀರ ಸ್ನಾನ, ತೆಳು ಹತ್ತಿ ಬಟ್ಟೆ, ಗಾಳಿ ಸಾಕು. ಸುಗಂಧದ ಬಾಟಲಿ, ಹೊಳೆಯುವ ಬೂಟು, ಕೂದಲೊಣಗಿಸುವ ಯಂತ್ರ.

"ಕರೆಂಟೇ ಇರ್ತಿಲ್ಲೆ" ಅತ್ತೆ ಆ ಯಂತ್ರವನ್ನು ಬದಿಗಿಡುತ್ತಾರೆ. "ಆ ದಪ್ಪ ಪ್ಯಾಂಟ್ ತೆಗ್ದು ಪಂಚೆ ಉಟ್ಕಳಿ ಮೊದ್ಲು."

ಉಟ್ಟುಕೊಂಡು ನೋಡಿ. ಕಾಲುಗಳ ನಡುವೆ ಗಾಳಿ ಹರಿದಾಡಿದ್ದೇ ಮೈಯ ಅರ್ಧ ಸೆಕೆ ಇಳಿಯುತ್ತದೆ. ಇಂಥ ಪಂಚೆ, ಬೈರಾಸು, ಹತ್ತಿಯ ಅಂಗಿ, ಮಕ್ಕಳಿಗೆ ಸಡಿಲ ಚಡ್ಡಿ ಶಿರಸಿ ಪೇಟೆಯ ಯಾವ ಬಟ್ಟೆ ಅಂಗಡಿಯಲ್ಲೂ ಸಿಗುತ್ತದೆ. ದೂರದಿಂದ ಹೊತ್ತು ತರುವ ಅಗತ್ಯವೇ ಇಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಸುಖದ ಮಾತು. ತಪ್ಪಿದರೆ ಒಂದೆರಡು ದಿನ ಕಷ್ಟಪಟ್ಟೀರಿ. ಮುಂದಿನದು ಹಾಗಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೇ ಉಂಚಳ್ಳಿಗೆ ಹೊರಟಿದ್ದೀರಿ. ಹೆಗ್ಗರಣೆ ದಾಟಿ ಕಾಡಿನ ದಾರಿ. ಶಿರಸಿಯ ಹತ್ತಿರ ಹುಟ್ಟಿದ ಅಘನಾಶಿನಿ ಇಲ್ಲಿ 116 ಮೀಟರ್ ಕೆಳಗೆ ಹಾರುತ್ತಾಳೆ. ಬೇಸಿಗೆಯಾದ್ದರಿಂದ ನೀರು ಬಿಳಿ ದಾರದಷ್ಟೇ, ಆದರೆ ಆಳದ ಕಣಿವೆ ಕಣ್ಣು ತುಂಬುತ್ತದೆ. ಸಿಂಗಳೀಕಗಳ ಕಾಡು ಇದು; ಅವುಗಳಿಗಾಗಿಯೇ 2011ರಲ್ಲಿ ಅಘನಾಶಿನಿ ಕಣಿವೆಯನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಮೆಟ್ಟಿಲ ಪಕ್ಕ ಒಣಗಿದ ಎಲೆಗಳ ದಪ್ಪ ಹಾಸು. ಮಗನಿಗೆ ಸುಸ್ತಾಗಿದೆ, ಅಲ್ಲೇ ಕೂರಲು ಹೋಗುತ್ತಾನೆ.

"ದರಕಿನ ಮೇಲೆ ಕೂತ್ಕಳಡ ಮಾಣಿ!"

ಜೊತೆಗೆ ಬಂದ ಮಾವನ ದನಿಯಲ್ಲಿ ಗದರಿಕೆ ಇದೆ, ಅದಕ್ಕಿಂತ ಹೆಚ್ಚಾಗಿ ಹೆದರಿಕೆ ಇದೆ. ಅವರು ಮಗನ ಪ್ಯಾಂಟಿನ ಅಂಚನ್ನು ತಿರುಗಿಸಿ ತೋರಿಸುತ್ತಾರೆ. ತಿಳಿ ಬಣ್ಣದ ಬಟ್ಟೆಯ ಮೇಲೆ ಒಂದು ಚುಕ್ಕೆ. ಸಾಸಿವೆಗಿಂತ ಚಿಕ್ಕದು. ಕಣ್ಣು ಹತ್ತಿರ ತಂದು ನೋಡಿದರೆ ಅದಕ್ಕೆ ಕಾಲುಗಳಿವೆ, ಮೆಲ್ಲಗೆ ಮೇಲಕ್ಕೆ ಹತ್ತುತ್ತಿದೆ. ಉಣುಗು. ಕಪ್ಪು ಪ್ಯಾಂಟ್ ಆಗಿದ್ದರೆ ಕಾಣುತ್ತಲೇ ಇರಲಿಲ್ಲ. ಅರ್ಧ ಚಡ್ಡಿಯಾಗಿದ್ದರೆ ಇಷ್ಟೊತ್ತಿಗೆ ಚರ್ಮಕ್ಕೆ ಬಾಯಿ ಹಾಕಿರುತ್ತಿತ್ತು.

1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬಿದ್ದವು, ಹಿಂದೆಯೇ ಊರಿನ ಜನ ಜ್ವರಕ್ಕೆ ಬಿದ್ದರು. ಮಂಗನ ಕಾಯಿಲೆ ಎಂದು ನಾವು ಕರೆಯುವ ಆ ರೋಗಕ್ಕೆ ಜಗತ್ತಿನ ವೈದ್ಯಶಾಸ್ತ್ರದಲ್ಲಿ ಆ ಕಾಡಿನ ಹೆಸರೇ ಇದೆ. ಮಂಗನಿಂದ ಮನುಷ್ಯನಿಗೆ ಅದನ್ನು ತರುವುದು ಈ ಉಣುಗು. ಡಿಸೆಂಬರಿನಿಂದ ಮೇ ತನಕ, ಅಂದರೆ ಶಾಲೆಗೆ ರಜೆ ಸಿಕ್ಕಿ ನೀವು ಊರಿಗೆ ಬರುವ ಹೊತ್ತಿಗೇ, ಅದರ ಮರಿಗಳು ದರಕಿನಲ್ಲಿ ತುಂಬಿರುತ್ತವೆ. ಸಿದ್ದಾಪುರ ತಾಲೂಕಿನಲ್ಲಿ 2024ರ ಬೇಸಿಗೆಯಲ್ಲೂ ಈ ಕಾಯಿಲೆ ಜೀವ ತೆಗೆದಿದೆ. ಇದನ್ನೇ ಗುರಿಯಾಗಿಸಿದ ಔಷಧವಿಲ್ಲ. ಬೇಗ ಆಸ್ಪತ್ರೆ ಸೇರಿ ಆರೈಕೆ ಸಿಕ್ಕರೆ ಹೆಚ್ಚಿನವರು ಉಳಿಯುತ್ತಾರೆ.

ಹಾಗಾಗಿ ಚೀಲದಲ್ಲಿ ಮೊದಲ ಜಾಗ ಇವಕ್ಕೆ: ತಿಳಿ ಬಣ್ಣದ ತೆಳು ಹತ್ತಿಯ ಪೂರ್ಣ ಪ್ಯಾಂಟು, ಪೂರ್ಣ ತೋಳಿನ ಅಂಗಿ, ಉದ್ದನೆಯ ಕಾಲುಚೀಲ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಸೆಕೆಯಾಗುತ್ತದೆ, ನಿಜ. ಮನೆಯಲ್ಲಿ ಪಂಚೆ, ಕಾಡಿಗೆ ಪೂರ್ಣ ಉಡುಪು. ಈ ಒಂದು ನಿಯಮದಲ್ಲಿ ರಿಯಾಯಿತಿ ಬೇಡ. ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಸೈನಿಕರಿಗೆಂದು ಕಂಡುಹಿಡಿದ ಕೀಟ ನಿವಾರಕ ಅದು. ಕೈಕಾಲಿಗೆ ಸವರಿಕೊಂಡು ಹೊರಡಿ. ಮರಳಿ ಬಂದ ಕೂಡಲೇ ಬಟ್ಟೆಯೆಲ್ಲ ಕುದಿನೀರಿಗೆ, ನೀವು ಬಚ್ಚಲಿಗೆ. ಹಂಡೆಯ ಬಿಸಿನೀರಿನಲ್ಲಿ ಸೋಪು ಹಚ್ಚಿ ತಿಕ್ಕಿ ಮೀಯಬೇಕು. ಮಕ್ಕಳ ಕಿವಿಯ ಹಿಂದೆ, ಕಂಕುಳಲ್ಲಿ, ಸೊಂಟದ ಪಟ್ಟಿಯ ಜಾಗದಲ್ಲಿ ಬೆಳಕು ಹಿಡಿದು ನೋಡಿ. ಕಚ್ಚಿಕೊಂಡಿದ್ದರೆ ಚಿಕ್ಕ ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರ ಮೇಲಕ್ಕೆ ಎಳೆಯಬೇಕು. ಬೆರಳಿನಲ್ಲಿ ಜಜ್ಜಬೇಡಿ.

ಈ ನಾಡಿಗೆ ಬರುವವರ ಚೀಲದಲ್ಲಿ ಜ್ವರಕ್ಕೊಂದು ಜಾಗ ಹಿಂದಿನಿಂದಲೂ ಇತ್ತು. ಘಟ್ಟದ ಮೇಲಿನ ಈ ತಾಲೂಕುಗಳು ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಹೆದರಿಸುತ್ತಿದ್ದುದು ಮಲೇರಿಯಾ. ಸರ್ಕಾರಿ ನೌಕರರಿಗೆ ಇಲ್ಲಿಗೆ ವರ್ಗವಾಯಿತೆಂದರೆ ಕ್ವಿನೈನ್ ಇಲ್ಲದೆ ಹೊರಡುವಂತಿರಲಿಲ್ಲ. ಡಾ. ಡಿ.ಕೆ. ವಿಶ್ವನಾಥನ್ 1945-46ರ ಸುಮಾರಿಗೆ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಮನೆಮನೆಗೆ ಡಿಡಿಟಿ ಸಿಂಪಡಿಸಿ ಅದನ್ನು ಹಿಮ್ಮೆಟ್ಟಿಸಿದರು. ದೇಶದಾದ್ಯಂತ ಮುಂದೆ ನಡೆದ ಮಲೇರಿಯಾ ನಿಯಂತ್ರಣಕ್ಕೆ ದಾರಿ ತೋರಿದ ಕೆಲಸ ಅದು, ಮತ್ತು ನಡೆದದ್ದು ಇದೇ ಊರುಗಳ ಜಗಲಿಗಳಲ್ಲಿ. ಅದರ ನೆನಪು ಈಗ ನಮ್ಮಲ್ಲಿ ಹೆಚ್ಚು ಉಳಿದಿಲ್ಲ ಎನ್ನುವುದು ನನಗೆ ಬೇಸರದ ಸಂಗತಿ.

ಉಂಚಳ್ಳಿಯಿಂದ ಹೊರಟು ಸಹಸ್ರಲಿಂಗಕ್ಕೆ ಮಧ್ಯಾಹ್ನ ತಲುಪಿದ್ದೀರಿ. ಶಾಲ್ಮಲೆಯ ನೀರು ಇಳಿದು ಬಂಡೆಗಳೆಲ್ಲ ಮೈ ತೋರಿಸಿವೆ. ಸೋಂದೆಯ ಅರಸ ಸದಾಶಿವರಾಯನ ಕಾಲದಲ್ಲಿ ಕೊರೆದ ಲಿಂಗಗಳು, ಎದುರಿಗೆ ಪುಟ್ಟ ನಂದಿಗಳು ಸಾಲು ಸಾಲು. ಮಳೆಗಾಲದಲ್ಲಿ ಇವುಗಳಲ್ಲಿ ಬಹುಪಾಲು ನೀರೊಳಗೆ. ಬರಿಗಾಲಿಟ್ಟರೆ ಕಲ್ಲು ಕಾವಲಿಯಂತೆ ಸುಡುತ್ತದೆ. ಹಾರಿ ಪಕ್ಕದ ಒದ್ದೆ ಬಂಡೆಗೆ ಕಾಲಿಟ್ಟರೆ ಪಾಚಿ, ಜಾರುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ, ತಳ ಒರಟಾದ ಚಪ್ಪಲಿ ಇದಕ್ಕಾಗಿಯೇ ಬೇಕು. ನಡು ಹೊಳೆಯ ಮಡು ಶಾಂತವಾಗಿ ಕಂಡರೂ ಇಳಿಯಬೇಡಿ. ಈ ಭಾಗದ ಹೊಳೆ, ಜಲಪಾತಗಳಲ್ಲಿ ಹೊರಗಿನಿಂದ ಬಂದ ಹುಡುಗರು ಮುಳುಗಿದ ಸುದ್ದಿ ಇಲ್ಲದೆ ಒಂದು ಬೇಸಿಗೆಯೂ ಕಳೆಯುವುದಿಲ್ಲ.

ಯಲ್ಲಾಪುರದ ದಿನ ಬೇರೆಯದೇ ಪಾಠ. ಮಾಗೋಡಿನಲ್ಲಿ ಬೇಡ್ತಿ ನದಿ ಸುಮಾರು 200 ಮೀಟರ್ ಕೆಳಗೆ ಎರಡು ನೆಗೆತದಲ್ಲಿ ಇಳಿಯುವುದನ್ನು ನೋಡಿ, ಸೂರ್ಯಾಸ್ತಕ್ಕೆ ಜೇನುಕಲ್ಲು ಗುಡ್ಡಕ್ಕೆ ಬಂದಿದ್ದೀರಿ. ನಾಲ್ಕೂವರೆಗೆ ಪಡುವಣ ಬಾನು ನೇರಳೆಗೆ ತಿರುಗಿತು. ಗಾಳಿ ಒಮ್ಮೆಲೇ ನಿಂತಿತು. ಸೆಕೆ ಉಸಿರು ಕಟ್ಟಿಸುವಷ್ಟಾಯಿತು. ಆಮೇಲೆ ಒಂದು ಗುಡುಗು, ಬೆನ್ನಿಗೇ ದಪ್ಪ ಹನಿ. ಬೇಸಿಗೆಯ ಅಡ್ಡಮಳೆ ಹೀಗೇ, ಹೇಳಿ ಕೇಳಿ ಬರುವುದಿಲ್ಲ. ಮಡಚುವ ತೆಳು ಕೊಡೆ ಎರಡೇ ಬೀಸಿಗೆ ತಿರುಗಿ ಬಿತ್ತು. ಗುಡ್ಡದ ತುದಿಯಲ್ಲಿ ಸಿಡಿಲಿನ ಹೊತ್ತಿಗೆ ಕೊಡೆ ಹಿಡಿದು ನಿಲ್ಲುವುದೇ ಅಪಾಯ. ಒಂಟಿ ಮರದ ಕೆಳಗೂ ನಿಲ್ಲಬಾರದು. ಕಾರಿನೊಳಗೆ ಹೋಗಿ ಕೂರಿ. ತೆಳುವಾದ ಮಳೆಯಂಗಿ, ಫೋನು ಹಣ ಇಡಲು ಗಟ್ಟಿ ಪ್ಲಾಸ್ಟಿಕ್ ಕೊಟ್ಟೆ ಇಷ್ಟಿದ್ದರೆ ಸಾಕಿತ್ತು. ಮನೆಗೆ ಮರಳುವಾಗ ದಾರಿಯುದ್ದಕ್ಕೂ ಕತ್ತಲೆ. ಎಲ್ಲೋ ಮರ ಬಿದ್ದು ವಿದ್ಯುತ್ ಹೋಗಿದೆ, ಬರುವುದು ನಾಳೆಯೋ ನಾಡಿದ್ದೋ. ಫೋನಿಗೆ ಸಂಪರ್ಕವಿಲ್ಲ, ಚಾರ್ಜೂ ಇಲ್ಲ. ಆನ್‌ಲೈನ್ ಪಾವತಿ ನಡೆಯದ ಕಾರಣ ಪೇಟೆಯಲ್ಲಿ ಚಹಾ ಕುಡಿದದ್ದಕ್ಕೆ ಚಿಲ್ಲರೆ ಹುಡುಕಬೇಕಾಯಿತು. ಒಂದು ಒಳ್ಳೆಯ ಬ್ಯಾಟರಿ, ಒಂದಿಷ್ಟು ನಗದು ಚೀಲದಲ್ಲಿರಲೇಬೇಕು. ರಾತ್ರಿ ಅಂಗಳ ದಾಟಿ ಬಚ್ಚಲಿಗೆ ಹೋಗುವಾಗ ಹಾವಿನ ಮೇಲೆ ಕಾಲಿಡದಿರಲೂ ಅದೇ ಬ್ಯಾಟರಿ.

ಜೂನ್ ನಂತರ ಬರುವವರ ಚೀಲವೇ ಬೇರೆ. ಆಗ ಉಣುಗಿನ ಕಾಟ ಇಳಿದು ಉಂಬಳದ ಕಾಟ ಏರುತ್ತದೆ. ಉಪ್ಪು, ಸುಣ್ಣ, ತಂಬಾಕಿನ ಪುಡಿ ಬೇಕು, ಗಟ್ಟಿ ಕೊಡೆ ಬೇಕು, ಬಟ್ಟೆ ಒಣಗುವ ಆಸೆ ಬಿಡಬೇಕು. ಉಂಬಳ ರಕ್ತ ಕುಡಿದು ಬಿದ್ದುಹೋಗುತ್ತದೆ, ರೋಗ ಅಂಟಿಸುವುದಿಲ್ಲ. ಅದಕ್ಕಿಂತ ಮಳೆಗಾಲದಲ್ಲಿ ನೋಡಿಕೊಳ್ಳಬೇಕಾದ್ದು ಗುಡ್ಡ. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡವೇ ಜರಿದು ತೋಟ, ಮನೆ, ರಸ್ತೆಗಳನ್ನು ಎಳೆದುಕೊಂಡು ಹೋಯಿತು. ಆ ತಿಂಗಳುಗಳಲ್ಲಿ ಹೊರಡುವ ಮೊದಲು ಊರಿನವರಿಗೆ ಫೋನು ಮಾಡಿ ದಾರಿ ವಿಚಾರಿಸಿ.

ಔಷಧಿಯ ಚೀಲ ಚಿಕ್ಕದಿರಲಿ: ನೀವು ದಿನವೂ ತೆಗೆದುಕೊಳ್ಳುವ ಮಾತ್ರೆ ನಾಲ್ಕು ದಿನಕ್ಕೆ ಹೆಚ್ಚು, ಓಆರ್‌ಎಸ್, ಪ್ಯಾರಾಸಿಟಮಾಲ್, ಕಣಜ ಕಚ್ಚಿದರೆ ಬೇಕಾಗುವ ಅಲರ್ಜಿ ಮಾತ್ರೆ, ಚಿಮುಟ. ಜ್ವರ ಬಂದರೆ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ. ಡೆಂಗಿಯಲ್ಲೂ ಮಂಗನ ಕಾಯಿಲೆಯಲ್ಲೂ ರಕ್ತಸ್ರಾವದ ಭಯವಿದೆ, ಆ ಮಾತ್ರೆಗಳು ಅದನ್ನು ಹೆಚ್ಚಿಸುತ್ತವೆ.

ರಜೆ ಮುಗಿಯಿತು. ಬೆಂಗಳೂರಿಗೋ ಮುಂಬಯಿಗೋ ಸಮುದ್ರದಾಚೆಗೋ ಹೋಗಿ ಸೇರಿದ್ದೀರಿ, ಕೆಲಸ ಶುರುವಾಗಿದೆ, ಊರು ಮನಸ್ಸಿನಿಂದ ಸ್ವಲ್ಪ ಸರಿದಿದೆ. ಮಂಗನ ಕಾಯಿಲೆ ಉಣುಗು ಕಚ್ಚಿದ ಮೂರರಿಂದ ಎಂಟು ದಿನದೊಳಗೆ, ಹಠಾತ್ತನೆ ಬರುವ ಜ್ವರ, ತಲೆನೋವು, ಮೈಕೈ ನೋವಿನಿಂದ ಶುರುವಾಗುತ್ತದೆ. ಅಷ್ಟೊತ್ತಿಗೆ ನಿಮ್ಮನ್ನು ನೋಡುವ ವೈದ್ಯರು ಇದನ್ನು ಜನ್ಮದಲ್ಲಿ ಒಮ್ಮೆಯೂ ಕಂಡಿರಲಿಕ್ಕಿಲ್ಲ. ಅವರು ಡೆಂಗಿಗೆ, ಟೈಫಾಯಿಡ್‌ಗೆ ರಕ್ತ ಪರೀಕ್ಷೆ ಬರೆಯುತ್ತಾರೆ. ಆದ್ದರಿಂದ ದಯವಿಟ್ಟು ಇಷ್ಟು ಮಾಡಿ: ಊರಿನಿಂದ ಮರಳಿದ ಎರಡು ವಾರದೊಳಗೆ ನಿಮಗಾಗಲಿ ಮಕ್ಕಳಿಗಾಗಲಿ ಜ್ವರ ಬಂದರೆ, ವೈದ್ಯರು ಕೇಳಲಿ ಬಿಡಲಿ, 'ನಾವು ಶಿರಸಿ-ಸಿದ್ದಾಪುರದ ಕಾಡಿಗೆ ಹೋಗಿದ್ದೆವು, ಅಲ್ಲಿ ಮಂಗನ ಕಾಯಿಲೆ ಇದೆ' ಎಂದು ನೀವೇ ಮೊದಲು ಹೇಳಿ.